ಅತ್ತಿಗೆಯ ಕಾರ್ಡಿನಲ್ಲಿ ನನ್ನ ನಾಡಿ

ಸತ್ಯವನ್ನು ಯಾರೂ ಬಹುಕಾಲ ಮುಚ್ಚಿಡಲಾರರು, ಬೂದಿಯೊಳಗಿನ ಕೆಂಡದಂತೆ ಅದು ಒಂದಲ್ಲ ಒಂದು ದಿನ ಹೊರಗೆ ಬಂದೇ ತೀರುತ್ತದೆ ಎಂದು ತಿಳಿದವರು ಹೇಳುತ್ತಾರೆ. ತಿಳಿದವರಿಗೆ ಅನುಭವ ಸಾಲದು. ನಾನು ಒಂದನ್ನು ಇಪ್ಪತ್ತೇಳು ವರ್ಷ ಮುಚ್ಚಿಟ್ಟಿದ್ದೇನೆ. ಹೊಗೆ ಕೂಡ ಬರಲಿಲ್ಲ. ಆ ನಡುವೆ ನನಗೆ ಬಡ್ತಿ ಸಿಕ್ಕಿತು, ನಿವೃತ್ತಿಯಾಯಿತು, ಶಾಲು ಹೊದಿಸಿ 'ಪ್ರಾಮಾಣಿಕತೆಯ ಮೂರ್ತಿ' ಎಂದು ಭಾಷಣವನ್ನೂ ಮಾಡಿದರು. ಇನ್ನು ಅದು ತಾನಾಗಿ ಹೊರಬರುವ ಲಕ್ಷಣ ಕಾಣದ್ದರಿಂದ ನಾನೇ ಹೇಳಿಬಿಡುತ್ತೇನೆ. ನಮ್ಮ ಅತ್ತಿಗೆಯ ಪರೀಕ್ಷೆಯ ಕಾರ್ಡಿಗೆ ನಾನು ನನ್ನ ನಾಡಿಯನ್ನು ಅಂಟಿಸಿದೆ. ಅವರದಲ್ಲ — ನನ್ನದು. ಡಾಕ್ಟರು ಅದನ್ನು ನಂಬಿದರು. ಅಣ್ಣ ನಂಬಿದ. ಅತ್ತಿಗೆ ನಂಬಿದರೋ ಇಲ್ಲವೋ — ಅದೊಂದು ಇವತ್ತಿಗೂ ನನಗೆ ಬಗೆಹರಿದಿಲ್ಲ.

ಎಪ್ಪತ್ತರ ದಶಕದ ನಡುಮಧ್ಯದ ಮಾತು. ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಲ್ಯಾಬಿನ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಎಂದರೆ ಹುಡುಗರು ಮುರಿದದ್ದನ್ನು ಜೋಡಿಸಿ, ಅವರು ಮತ್ತೆ ಮುರಿಯುವವರೆಗೆ ಕಾವಲು ಕಾಯುವ ಕೆಲಸ. ಊರಿನ ಡಾಕ್ಟರೊಬ್ಬರು ಹೊರದೇಶದಲ್ಲಿ ಓದಿ ಹಿಂತಿರುಗುವಾಗ ಒಂದು ಯಂತ್ರ ತಂದಿದ್ದರು. ಟ್ರಂಕಿನಷ್ಟು ದೊಡ್ಡದು. ಅದಕ್ಕೆ ಎರಡು ವೈರು, ವೈರಿನ ತುದಿಗೆ ಎಂಟಾಣೆ ಅಗಲದ ಎರಡು ಬಿಲ್ಲೆ. ಒಂದನ್ನು ಕತ್ತಿನ ನಾಡಿಯ ಮೇಲೆ, ಇನ್ನೊಂದನ್ನು ತೊಡೆಸಂದಿಯ ನಾಡಿಯ ಮೇಲೆ ಒತ್ತಿ ಹಿಡಿದರೆ, ಎರಡು ಮುಳ್ಳುಗಳು ಕಾಗದದ ಸುರುಳಿಯ ಮೇಲೆ ಎರಡು ಗೆರೆ ಬರೆಯುತ್ತಿದ್ದವು. ಎದೆ ಒಮ್ಮೆ ಬಡಿದಾಗ ಅಲೆ ಮೊದಲು ಕತ್ತಿಗೆ ಬರುತ್ತದೆ, ಆಮೇಲೆ ತೊಡೆಗೆ. ಆ ನಡುವಿನ ಹೊತ್ತನ್ನು ಕಾಗದದಲ್ಲಿ ಎಣಿಸಿಕೊಂಡು, ಕತ್ತಿನಿಂದ ತೊಡೆಗಿರುವ ದೂರವನ್ನು ದರ್ಜಿಯ ಟೇಪಿನಿಂದ ಅಳೆದು, ದೂರವನ್ನು ಹೊತ್ತಿನಿಂದ ಭಾಗಿಸಿದರೆ ಅಲೆಯ ವೇಗ ಸಿಗುತ್ತದೆ. ವೇಗ ಹೆಚ್ಚಿದಷ್ಟೂ ರಕ್ತನಾಳ ಗಟ್ಟಿ. ಗಟ್ಟಿಯಾದಷ್ಟೂ ಹೃದಯಕ್ಕೆ ಅಪಾಯ. ಇಷ್ಟೇ ವಿದ್ಯೆ.

ಡಾಕ್ಟರು ಇದನ್ನು ಇನ್ನೂ ಚೆನ್ನಾಗಿ ಹೇಳುತ್ತಿದ್ದರು. "ಕಬ್ಬಿಣದ ಪೈಪಿನ ಒಂದು ತುದಿಗೆ ತಟ್ಟಿದ್ರೆ ಇನ್ನೊಂದು ತುದೀಲಿ ಥಟ್ಟನೆ ಗೊತ್ತಾಗತ್ತೆ. ಸೈಕಲ್ ಟ್ಯೂಬಿಗೆ ನೀರು ತುಂಬಿ ತಟ್ಟಿ, ನಿಧಾನಕ್ಕೆ ಹೋಗತ್ತೆ. ಮನುಷ್ಯ ಹುಟ್ಟೋವಾಗ ಟ್ಯೂಬು ಕಣ್ರೀ, ಸಾಯೋವಾಗ ಪೈಪು. ನಡುವೆ ಯಾವಾಗ ಬದಲಾದ ಅನ್ನೋದು ಗೊತ್ತಾದ್ರೆ ನಾವು ಅಡ್ಡ ನಿಲ್ಲಬಹುದು."

ಬಿ.ಪಿ., ಸಕ್ಕರೆ ಕಾಯಿಲೆ ಇರುವವರು, ಮನೆಯಲ್ಲಿ ಹಿಂದೆ ಯಾರಾದರೂ ಎದೆನೋವಿನಿಂದ ಹೋದವರು — ಇಂಥವರನ್ನೇ ಆರಿಸಿ ಅವರು ಅಳೆಯುತ್ತಿದ್ದರು. ನಾಳ ಗಟ್ಟಿಯಿದ್ದವರದು ಒಂದು ಪಟ್ಟಿ: ಅವರು ತಿಂಗಳಿಗೊಮ್ಮೆ ಮಂಡ್ಯಕ್ಕೆ ಬರಬೇಕು, ಮಾತ್ರೆ, ಉಪ್ಪು ಕಡಿಮೆ, ಬೀಡಿ ಬಂದ್. ಮೆತ್ತಗಿದ್ದವರದು ಇನ್ನೊಂದು ಪಟ್ಟಿ: ಅವರು ವರ್ಷಕ್ಕೊಮ್ಮೆ ಬಂದರೆ ಸಾಕು. ಯಂತ್ರದ ಮುಳ್ಳು ಕೈಕೊಟ್ಟಾಗಲೆಲ್ಲ ನನ್ನನ್ನು ಕರೆಸಿ ಕರೆಸಿ, ಕೊನೆಗೆ ಭಾನುವಾರಗಳಲ್ಲಿ ಅದನ್ನು ನಡೆಸುವ ಕೆಲಸವನ್ನೇ ಕೊಟ್ಟರು. ಒಂದು ಭಾನುವಾರ ಮದ್ದೂರು, ಇನ್ನೊಂದು ಭಾನುವಾರ ಮಳವಳ್ಳಿ. ಗಂಡಸರಿಗೆ ನಾನು. ಹೆಂಗಸರಿಗೆ ಜಮಖಾನದ ಮರೆಯಲ್ಲಿ ನರ್ಸಮ್ಮ ಫಿಲೋಮಿನಾ. ಬಿಲ್ಲೆ ಒತ್ತುವುದೂ ಟೇಪು ಹಿಡಿಯುವುದೂ ಆಕೆ, ಮರೆಯ ಈಚೆ ಕಾಗದ ಓಡಿಸುವುದು ನಾನು.

ಕಾಲವೂ ಚೆನ್ನಾಗಿತ್ತು ನೋಡಿ — ಕ್ಯಾಂಪು ಎಂದರೆ ಮಕ್ಕಳಾಗದ ಆಪರೇಷನ್ ಎಂದು ಊರಿಗೆ ಊರೇ ಕಬ್ಬಿನ ಗದ್ದೆಗೆ ಓಡುತ್ತಿದ್ದ ಕಾಲ. ಅಂಥದರಲ್ಲಿ ನಮ್ಮ ಯಂತ್ರ ಕೈಯಿಡುತ್ತಿದ್ದದ್ದು ಎಲ್ಲಿಗೆ ಎಂದರೆ ಅಲ್ಲಿಗೇ. ಮದ್ದೂರಿನ ಕ್ಯಾಂಪಿಗೆ ಚಿಕ್ಕರಸಿನಕೆರೆಯಿಂದ ಬಂದಿದ್ದ ಕರೀಗೌಡರು ಮಲಗುವ ಬೆಂಚನ್ನೂ ನನ್ನನ್ನೂ ಬಹಳ ಹೊತ್ತು ನೋಡಿದರು.

"ಏನ್ ಸಾಮಿ, ಕಾಯ್ಲೆ ಎದೇಲಿ ಅಂತೀರಿ, ಕೈ ಆಕಾದು ತೊಡೆ ಸಂದೀಗೆ. ಏನಾರ ಕುಯ್ದುಬುಟ್ಟು ಕಳ್ಸೀರಾ?"

"ಇಲ್ಲ ಗೌಡರೇ, ಬರೀ ನಾಡಿ ನೋಡೋದು."

"ನಾಡಿ ಕೈಲದೆ. ನಮ್ಮಪ್ಪನ ಕಾಲ್ದಿಂದ್ಲೂವೆ ಅಲ್ಲೇ ಅದೆ."

ಕೊನೆಗೆ, ಎರಡು ಕೈಯಲ್ಲೂ ಉಡುದಾರವನ್ನು ಬಿಗಿಯಾಗಿ ಹಿಡಿದುಕೊಂಡು ಮಲಗಿದರು. ಅವರ ನಾಳ ಕಬ್ಬಿಣದ ಪೈಪೇ ಆಗಿತ್ತು. ತಿಂಗಳಿಗೊಮ್ಮೆ ಬರುವ ಪಟ್ಟಿಗೆ ಸೇರಿ, ಬೀಡಿ ಬಿಟ್ಟು, ಪ್ರತಿ ತಿಂಗಳೂ ನಮ್ಮನ್ನೆಲ್ಲ ಬೈಯುತ್ತಲೇ ಬಂದರು. ಈ ಕರೀಗೌಡರನ್ನು ನೆನಪಿಟ್ಟಿರಿ.

ಮಳವಳ್ಳಿ ನಮ್ಮ ಊರು. ಅಪ್ಪ ಪೌರೋಹಿತ್ಯ ಮಾಡುತ್ತಿದ್ದವರು, ಬೇಗ ಹೋದರು. ಅಮ್ಮ ಅದಕ್ಕೂ ಮೊದಲೇ. ಅಣ್ಣ ಅಲ್ಲಿನ ಶಾಲೆಯಲ್ಲಿ ಹೆಡ್ಮಾಸ್ಟರು. ಅತ್ತಿಗೆ ರುಕ್ಮಿಣಮ್ಮ ಹದಿನಾರನೆಯ ವಯಸ್ಸಿಗೆ ಆ ಮನೆಗೆ ಬಂದಾಗ ನನಗೆ ಐದು. ನನಗೆ ಎಣ್ಣೆ ಹಚ್ಚಿ ನೀರು ಹಾಕಿದವರು ಅವರು, ಕಜ್ಜಿಯಾದಾಗ ಬೇವಿನ ಸೊಪ್ಪು ಅರೆದು ಮೈಗೆಲ್ಲ ಮೆತ್ತಿದವರು ಅವರು. ನನ್ನ ಮೈಯಲ್ಲಿ ಅವರಿಗೆ ಗೊತ್ತಿಲ್ಲದ ಗಾಯದ ಕಲೆ ಒಂದೂ ಇರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದು ಮುಂದೆ ತಿಳಿಯುತ್ತದೆ.

ನಲವತ್ತೆರಡಕ್ಕೇ ಅತ್ತಿಗೆಗೆ ಬಿ.ಪಿ.ಯೂ ಇತ್ತು, ಸಕ್ಕರೆಯೂ ಇತ್ತು. ಅವರ ಅಪ್ಪ, ಅಣ್ಣ — ಇಬ್ಬರೂ ಐವತ್ತು ಕಾಣದೆ ಎದೆ ಹಿಡಿದುಕೊಂಡು ಹೋದವರು. ಡಾಕ್ಟರು ಹುಡುಕುತ್ತಿದ್ದದ್ದು ಇಂಥವರನ್ನೇ. ಅಣ್ಣ ಕ್ಯಾಂಪಿಗೆ ತನ್ನ ಶಾಲೆಯ ಕೋಣೆ ಬಿಟ್ಟುಕೊಟ್ಟಿದ್ದ. ಆದರೆ ಬರುತ್ತಿದ್ದ ಹೆಂಗಸರು ಬೆರಳೆಣಿಕೆ. "ಹೆಡ್ಮಾಸ್ಟರ ಹೆಂಡತೀನೇ ಬರ್ಲಿಲ್ಲ ಅಂದ್ರೆ ಇನ್ಯಾರು ಬರ್ತಾರೆ" ಎಂದು ಅವನು ಅತ್ತಿಗೆಯನ್ನು ಹೊರಡಿಸಿದ. ಅತ್ತಿಗೆ ಒಂದೇ ಷರತ್ತು ಹಾಕಿದರಂತೆ: ಶೀನು ಇದ್ದರೆ ಬರುತ್ತೇನೆ. ಶೀನು ಎಂದರೆ ನಾನು.

ಆ ಭಾನುವಾರ ಫಿಲೋಮಿನಾಗೆ ಜ್ವರ.

ನಾವು ಮಳವಳ್ಳಿ ತಲುಪಿದ ಮೇಲೆ ಡಾಕ್ಟರು, "ಇವತ್ತು ಹೆಂಗಸರನ್ನ ವಾಪಸ್ ಕಳಿಸಿಬಿಡೋಣ" ಎಂದದ್ದು ನಿಜ. ಹೊರಗೆ ಅತ್ತಿಗೆ ಒಬ್ಬರೇ ಕೂತಿದ್ದರು. ಅವರನ್ನು ಕಂಡು ಡಾಕ್ಟರು, "ಓ, ನಿಮ್ಮ ಮನೆಯವರೇ. ಹಾಗಾದ್ರೆ ನೀವೇ ಮಾಡಿಬಿಡಿ, ಸಂಕೋಚ ಏನಿದೆ" ಎಂದು ಬಿ.ಪಿ. ನೋಡಲು ಪಕ್ಕದ ಕೋಣೆಗೆ ಹೋದರು. ಎಷ್ಟೋ ದೇಶ ಸುತ್ತಿದ ಮನುಷ್ಯ. ಮನೆಯವರು ಎಂಬ ಕಾರಣಕ್ಕೇ ಸಂಕೋಚ ಎನ್ನುವುದು ಅವರಿಗೆ ಹೊಳೆಯಲಿಲ್ಲ. ಬೇರೆಯವರ ಹೆಂಡತಿಯಾಗಿದ್ದರೆ ಕಣ್ಣು ಮುಚ್ಚಿಕೊಂಡು, ದೇವರ ಮೇಲೆ ಭಾರ ಹಾಕಿ ಒತ್ತಿಬಿಡುತ್ತಿದ್ದೆನೋ ಏನೋ. ಅತ್ತಿಗೆ ಎಂದರೆ — ನಮ್ಮ ಮನೆಯಲ್ಲಿ ನಾನು ದೊಡ್ಡವನಾದ ಮೇಲೆ ಅವರು ತಲೆ ಬಾಚಿಕೊಳ್ಳುವಾಗ ಕೂಡ ಆ ಕೋಣೆಗೆ ಹೋದವನಲ್ಲ.

ಅತ್ತಿಗೆ ಬೆಂಚಿನ ಮೇಲೆ ಮಲಗಿದರು. ಕತ್ತಿಗೆ ಬಿಲ್ಲೆ ಇಟ್ಟೆ. ಮೇಲಿನ ಮುಳ್ಳು ಗೆರೆ ಎಳೆಯತೊಡಗಿತು.

"ಇನ್ನೊಂದು ಎಲ್ಲಿಗೋ?" ಎಂದರು.

ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಕಿಟಕಿಯ ಕಡೆ ನೋಡುತ್ತ ನಿಂತೆ. ಅವರಿಗೆ ಅರ್ಥವಾಯಿತು. ಸೆರಗನ್ನು ಸರಿಮಾಡಿಕೊಂಡು ಎದ್ದು ಕೂತರು.

"ಕತ್ತಲ್ಲಿ ನೋಡಿದ್ಯಲ್ಲ, ಅಷ್ಟೇ ಸಾಕು ಬಿಡು. ನಿಮ್ಮಣ್ಣನಿಗೆ ಆಯ್ತು ಅಂತ ಹೇಳು."

"ಆಯ್ತು ಅತ್ತಿಗೆ."

ಈ ಎರಡು ಪದವನ್ನು ನಾನು ಎಷ್ಟು ಬಾರಿ ಹಿಂದಕ್ಕೆ ಎಳೆದು ನೋಡಿದ್ದೇನೋ. ಆಯ್ತು ಎಂದರೆ ಹಾಗೇ ಆಗಲಿ ಎಂದೋ, ಪರೀಕ್ಷೆ ಮುಗಿಯಿತು ಎಂದೋ — ಅವರು ಯಾವ ರೀತಿ ತಿಳಿದುಕೊಂಡರು? ಕತ್ತಿನ ಗೆರೆಯೊಂದರಿಂದಲೇ ಕೆಲಸ ನಡೆಯುತ್ತದೆ ಎಂದು ಮೈದುನನ ವಿದ್ಯೆಯ ಮೇಲೆ ನಂಬಿಕೆಯಿಟ್ಟು ಹೊರಟರೋ? ಅಥವಾ ಇಲ್ಲಿ ಏನೂ ನಡೆದಿಲ್ಲ ಎಂದು ಪೂರಾ ತಿಳಿದೇ — ನನ್ನ ಮಾನ ಉಳಿಸಲು, ಅವರ ಮಾನ ಉಳಿಸಲು... ಗೊತ್ತಿಲ್ಲ. ಚಪ್ಪಲಿ ಮೆಟ್ಟಿಕೊಂಡು, "ಊಟಕ್ಕೆ ಬಾ, ಬಸ್ಸಾರು ಮಾಡಿದೀನಿ" ಎಂದು ಹೋದರು.

ಪಕ್ಕದ ಕೋಣೆಯಿಂದ ಡಾಕ್ಟರು ಕೂಗಿದರು: "ಆಯ್ತೇನ್ರೀ?"

ಖಾಲಿ ಕಾರ್ಡು ಬಿಡಬಹುದಾಗಿತ್ತು. 'ಆಗಲಿಲ್ಲ' ಎಂದು ಬರೆಯಬಹುದಾಗಿತ್ತು. ನಾಲ್ಕೇ ಅಕ್ಷರ. ಮುಂದಿನ ಸರದಿಗೆ ಫಿಲೋಮಿನಾ ಬರುತ್ತಿದ್ದಳು. ಆದರೆ ಡಾಕ್ಟರು ಕಾರಣ ಕೇಳುತ್ತಾರೆ. ಅಣ್ಣ ಕೇಳುತ್ತಾನೆ. ನಿನ್ನಿಂದ ಯಾಕಾಗಲಿಲ್ಲ ಎಂಬುದಕ್ಕೆ ನಾನು ಯಾವ ವಾಕ್ಯದಲ್ಲಿ ಉತ್ತರ ಹೇಳಲಿ? ಆ ವಾಕ್ಯ ಇವತ್ತಿಗೂ ನನಗೆ ಸಿಕ್ಕಿಲ್ಲ. ಬಾಗಿಲಿಗೆ ಅಗುಳಿ ಹಾಕಿದೆ. ಅದೇ ಬೆಂಚಿನ ಮೇಲೆ ಮಲಗಿ, ಒಂದು ಬಿಲ್ಲೆಯನ್ನು ನನ್ನ ಕತ್ತಿಗೂ ಇನ್ನೊಂದನ್ನು ನನ್ನ ತೊಡೆಗೂ ಒತ್ತಿಕೊಂಡು, ಕಾಲಿನ ಹೆಬ್ಬೆರಳಿನಿಂದ ಗುಂಡಿ ಅದುಮಿದೆ. ಕಾಗದ ಓಡಿತು. ಕತ್ತರಿಸಿದೆ, ಗೋಂದು ಹಚ್ಚಿದೆ, 'ರುಕ್ಮಿಣಮ್ಮ, ೪೨' ಎಂದು ಬರೆದಿದ್ದ ಕಾರ್ಡಿಗೆ ಅಂಟಿಸಿದೆ. ಟೇಪಿನ ಅಳತೆಯೂ ನನ್ನದೇ. ಆಗ ನನ್ನ ಆತ್ಮಸಾಕ್ಷಿ ಎಚ್ಚೆತ್ತಿತು: ನಾನು ಅತ್ತಿಗೆಗಿಂತ ಎತ್ತರ, ಇಷ್ಟು ಉದ್ದ ಬರೆಯುವುದು ಅನ್ಯಾಯ. ಹಾಗಾಗಿ ನ್ಯಾಯಬದ್ಧವಾಗಿ ಎರಡೂವರೆ ಇಂಚು ಕಳೆದೆ. ದೂರ ಕಡಿಮೆಯಾದರೆ ವೇಗವೂ ಕಡಿಮೆ. ಮೂವತ್ತೊಂದು ವರ್ಷದ ನನ್ನ ನಾಳ ಮೊದಲೇ ಮೆತ್ತಗಿತ್ತು. ನನ್ನ ಪ್ರಾಮಾಣಿಕತೆಯಿಂದ ಅದು ಇನ್ನಷ್ಟು ಮೆತ್ತಗಾಯಿತು.

ಡಾಕ್ಟರು ಕಾರ್ಡು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ಅತ್ತಿಗೇದು ಹದಿನೆಂಟು ವರ್ಷದ ಹುಡುಗಿ ನಾಳ ಕಣ್ರೀ. ಅಪ್ಪ ಹಾಗೆ, ಅಣ್ಣ ಹಾಗೆ, ಮೈಯಲ್ಲಿ ಸಕ್ಕರೆ ಬೇರೆ — ಆದರೂ ಹೀಗೆ. ಆಶ್ಚರ್ಯ." ಅತ್ತಿಗೆಯ ಹೆಸರು ವರ್ಷಕ್ಕೊಮ್ಮೆ ಬರುವವರ ಪಟ್ಟಿಗೆ ಹೋಯಿತು. ಅಣ್ಣನಿಗೆ ಒಂದು ಕಾಗದವನ್ನೂ ಬರೆದುಕೊಟ್ಟರು. ಅಣ್ಣ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟ. ಮನೆಗೆ ಬಂದವರಿಗೆಲ್ಲ ಅವನು ಹೇಳುತ್ತಿದ್ದದ್ದು ಇದೇ: "ನಮ್ಮವಳದು ಹದಿನೆಂಟರ ನಾಳ. ಮಷೀನೇ ಹೇಳಿದೆ." ಅತ್ತಿಗೆ ಒಳಗಿನಿಂದ, "ಸಾಕು ಸುಮ್ನಿರಿ, ದೃಷ್ಟಿಯಾಗತ್ತೆ" ಎನ್ನುತ್ತಿದ್ದರು. ನಗುತ್ತಿದ್ದರು. ನಿಜಕ್ಕೂ ನಗುತ್ತಿದ್ದರು — ಅದನ್ನು ಕಂಡು ನನಗೆ, ಪರವಾಗಿಲ್ಲ, ಸುಳ್ಳಾದರೂ ಒಳ್ಳೆಯ ಸುಳ್ಳು ಎನಿಸಿತು. ಆಲೆಮನೆಯಿಂದ ಯಾರೋ ಬಿಸಿ ಬೆಲ್ಲ ಕಳಿಸಿದಾಗ, ತಮ್ಮ ಅಪ್ಪ ಹೋದಾಗಿನಿಂದ ಸಿಹಿ ಮುಟ್ಟದಿದ್ದ ಅತ್ತಿಗೆ ಒಂದು ಉಂಡೆ ಬಾಯಿಗೆ ಹಾಕಿಕೊಂಡರು. ಆಮೇಲೆ ಇನ್ನೊಂದು.

ಫಿಲೋಮಿನಾ ಮುಂದಿನ ಸಲ ಬಂದಾಗ, "ನಿಮ್ಮ ಮನೆಯವರದು ನಾನು ಮಾಡ್ಲಾ ಸಾರ್?" ಎಂದು ಕೇಳಿದಳು. "ಆಗಿದೆಯಮ್ಮ" ಎಂದೆ. ಇದು ಎರಡನೆಯ ಸುಳ್ಳು. ಮೂರನೆಯದೇ ದೊಡ್ಡದು.

ಒಂದು ವರ್ಷ ಕಳೆದಿತ್ತು. ಒಂದು ಮಧ್ಯಾಹ್ನ ನಾನು ಮಳವಳ್ಳಿಗೆ ಹೋದಾಗ ಅತ್ತಿಗೆ ಮಾಳಿಗೆಗೆ ಸಂಡಿಗೆ ಒಣಗಿಸಲು ಹತ್ತುತ್ತಿದ್ದರು. ನಾಲ್ಕನೆಯ ಮೆಟ್ಟಿಲಲ್ಲಿ ನಿಂತುಬಿಟ್ಟರು. ಎಡಗೈ ಗೋಡೆಗೆ, ಬಲಗೈ ಎದೆಗೆ.

"ಈಚೀಚೆಗೆ ಹೀಗಾಗತ್ತೆ. ಹತ್ತೋಕಾಗಲ್ಲ" ಎಂದರು.

ಅಣ್ಣ ಪೇಪರಿನಿಂದ ತಲೆಯೆತ್ತದೆ, "ಹದಿನೆಂಟರ ನಾಳ ಇಟ್ಕೊಂಡು ಆಡ್ತಾಳೆ ನೋಡು. ಗ್ಯಾಸು ಕಣೇ. ಅಲ್ವೇನೋ ಶೀನು?" ಎಂದ.

ಇಬ್ಬರೂ ನನ್ನ ಕಡೆ ತಿರುಗಿದರು. ಅಣ್ಣ ತಮಾಷೆಗೆ. ಅತ್ತಿಗೆ — ಅತ್ತಿಗೆ ಹೇಗೆ ನೋಡಿದರು ಎಂದು ನಾನು ಬರೆಯಲಾರೆ, ಯಾಕೆಂದರೆ ನಾನು ಸಂಡಿಗೆಯ ತಟ್ಟೆಯನ್ನು ನೋಡುತ್ತಿದ್ದೆ.

"ಹೌದು. ಗ್ಯಾಸೇ ಇರ್ಬೇಕು" ಎಂದೆ.

"ಶೀನು ಅಂದಮೇಲೆ ಅದೇ ಇರ್ಬೇಕು ಬಿಡಿ" ಎಂದು ಅತ್ತಿಗೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಕೆಳಗಿಳಿದರು. ಸಂಡಿಗೆ ನಾನೇ ಹರವಿದೆ.

ಅಷ್ಟರಲ್ಲಿ ಡಾಕ್ಟರು ಯಂತ್ರವನ್ನು ಮಂಡ್ಯದಲ್ಲೇ ಬಿಟ್ಟು ದೊಡ್ಡ ಊರಿಗೆ ಹೊರಟುಹೋದರು. ವರ್ಷಕ್ಕೊಮ್ಮೆಯ ಪಟ್ಟಿಯವರನ್ನು ಎರಡನೆಯ ವರ್ಷ ಯಾರೂ ಕರೆಯಲಿಲ್ಲ.

ಇದಾಗಿ ಎಂಟು ತಿಂಗಳಿಗೆ ಅಣ್ಣನ ಶಾಲೆಗೆ ಇನ್ಸ್‌ಪೆಕ್ಟರು ಬರುವ ದಿನ. ಅಣ್ಣನಿಗೆ ಇಸ್ತ್ರಿ ಎಂದರೆ ವ್ರತ. ಅಂಗಿಯ ತೋಳಿನ ಗೆರೆ ಕತ್ತಿಯಂತಿರಬೇಕು. ಆ ಬೆಳಿಗ್ಗೆ ಅತ್ತಿಗೆ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ, ಅರ್ಧ ಮಾಡಿ, ಕೈ ಸೋತು ಕೂತಿದ್ದರಂತೆ. ಅಂಗಿಯ ಬೆನ್ನು ಕಂದಿತ್ತು. ಅಣ್ಣ ಕೂಗಾಡಿದ. ಏನೆಂದು ಕೂಗಿದ ಎನ್ನುವುದನ್ನು ಅವನೇ ನನಗೆ ಹೇಳಿದ್ದರಿಂದ ಬರೆಯುತ್ತೇನೆ: "ಮೈಯಲ್ಲಿ ಏನಾಗಿದೆ ಅಂತ ಹೀಗೆ ಕೂತಿದ್ದೀಯ? ಕಲ್ಲುಗುಂಡಿನ ಹಾಗಿದ್ದೀಯ, ಸೋಮಾರಿತನ ಅಷ್ಟೇ." ಅತ್ತಿಗೆ ಇನ್ನೊಂದು ಅಂಗಿ ತರಲು ಎದ್ದವರು ಬಾಗಿಲ ಬಳಿ ಕುಸಿದರು. ಮಂಡ್ಯಕ್ಕೆ ಕಾರಿನಲ್ಲಿ ತರುವಾಗ ದಾರಿಯಲ್ಲೇ ಹೋದರು. ನಲವತ್ತನಾಲ್ಕು.

ವೈಕುಂಠ ಸಮಾರಾಧನೆಯೆಲ್ಲ ಮುಗಿದು ನೆಂಟರು ಹೊರಟ ಮೇಲೆ ಅಣ್ಣ ನನ್ನನ್ನು ಹಿತ್ತಿಲಿಗೆ ಕರೆದ. ದೇವರ ಪಟದ ಹಿಂದಿನ ಕಾಗದ ಅವನ ಕೈಯಲ್ಲಿತ್ತು.

"ಎಲ್ಲರೂ ಹಾರ್ಟು ಹಾರ್ಟು ಅಂತಾರೆ. ಅವಳಿಗೆ ಹಾರ್ಟು ಚೆನ್ನಾಗಿತ್ತು ಕಣೋ. ಇಲ್ಲಿ ಬರೆದಿದೆ. ನೀನೇ ಅಳೆದಿದ್ದು. ಕಾಯಿಲೆಯಿಂದ ಹೋದವಳಲ್ಲ ಅವಳು. ನನ್ನ ಬಾಯಿ ಕೊಂದಿತು."

ಆಗ ಹೇಳಬೇಕಿತ್ತು. ಹೇಳಿದ್ದರೆ ಅವನ ಹೊರೆ ಇಳಿದು ನನ್ನ ಮೇಲೆ ಬರುತ್ತಿತ್ತು — ಲೆಕ್ಕ ಅಷ್ಟು ಸರಳ, ಫಿಸಿಕ್ಸ್ ಓದಿದವನಿಗೆ ತಿಳಿಯದೇ? ನಾನು ಅವನ ಭುಜದ ಮೇಲೆ ಕೈಯಿಟ್ಟೆ. "ಹಾಗೆಲ್ಲ ಅಂದ್ಕೋಬೇಡಣ್ಣ" ಎಂದೆ. ಸಮಾಧಾನ ಹೇಳುವುದರಲ್ಲಿ ನನಗೆ ಒಳ್ಳೆಯ ಹೆಸರಿದೆ.

ಆಮೇಲೆ ಅಣ್ಣ ಇಸ್ತ್ರಿ ಅಂಗಿ ಹಾಕಲಿಲ್ಲ. ಒಗೆದು ಕೊಡವಿದ ಅಂಗಿಯಲ್ಲೇ ನಿವೃತ್ತನಾದ, ಅದರಲ್ಲೇ ಮಗಳ ಮದುವೆ ಧಾರೆಗೂ ನಿಂತ. ಯಾರ ಮೇಲೂ ದನಿಯೆತ್ತಿದವನಲ್ಲ — ಹಾಲಿನವನ ಮೇಲೆ ಕೂಡ. ಮಳವಳ್ಳಿಯಲ್ಲಿ ಅವನನ್ನು ಸಾಧು ಎನ್ನುತ್ತಾರೆ. "ಮೇಷ್ಟ್ರು ಕ್ವಾಪ ಗೆದ್ದವ್ರೆ" ಎಂದು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ನನಗೇ ಹೇಳಿದರು. ನಾನು ತಲೆಯಾಡಿಸಿದೆ.

ನಾನು ಕೊಂದೆನೇ? ಇದನ್ನೇ ಇಪ್ಪತ್ತೈದು ವರ್ಷದಿಂದ ಬಗೆಹರಿಸಲು ಕೂತಿದ್ದೇನೆ, ದಿನಕ್ಕೊಂದು ಉತ್ತರ. ಅಳೆದಿದ್ದರೂ ಅವರ ನಾಳ ಮೆತ್ತಗೇ ಬಂದಿರಬಹುದಿತ್ತು, ಯಂತ್ರಗಳಿಗೂ ತಪ್ಪಾಗುತ್ತದೆ. ಗಟ್ಟಿ ಎಂದು ಬಂದಿದ್ದರೂ ತಿಂಗಳ ಮಾತ್ರೆಗಳಿಂದ ಉಳಿಯುತ್ತಿದ್ದರು ಎನ್ನಲು ಆಗ ಏನಿತ್ತು? ಹೀಗೆ ಒಂದು ವಾರ ನಿರಪರಾಧಿಯಾಗಿ ತಿರುಗಾಡುತ್ತೇನೆ. ಆಮೇಲೆ ಕರೀಗೌಡರ ನೆನಪಾಗುತ್ತದೆ. ಕಬ್ಬಿಣದ ಪೈಪಿನ ಕರೀಗೌಡರು ಹೋದ ವರ್ಷದವರೆಗೂ ಇದ್ದರು. ಕೊನೆಯ ಸಲ ಸಿಕ್ಕಾಗ, "ಬೀಡಿ ಬುಡ್ಸಿ ನನ್ ಜೀವ್ನಾನೇ ಆಳ್ಮಾಡ್ದ್ರಿ ಸಾಮಿ" ಎಂದು ನಕ್ಕಿದ್ದರು. ಅದೂ ಏನನ್ನೂ ಸಾಧಿಸಿ ತೋರಿಸುವುದಿಲ್ಲ. ಆದರೆ ಮೆಟ್ಟಿಲಿನ ಮೇಲೆ ನಿಂತ ಅತ್ತಿಗೆಗೆ ನಾನು ಹೇಳಿದ ಮಾತಿಗೆ ಯಂತ್ರ ಬೇಕಿರಲಿಲ್ಲ. ಅಲ್ಲಿ ಸಂಕೋಚವೂ ಇರಲಿಲ್ಲ. ಅಲ್ಲಿ ನನ್ನ ಬಾಯಿ ಇತ್ತು, ಅಷ್ಟೇ. ಅಣ್ಣ ತನ್ನ ಬಾಯಿ ಎಂದುಕೊಂಡದ್ದು ನನ್ನ ಬಾಯಿ.

ಇದನ್ನೆಲ್ಲ ಬರೆದುಕೊಂಡು ಕಳೆದ ಸೋಮವಾರ ಬೆಳಗಿನ ಬಸ್ಸಿಗೆ ಮಳವಳ್ಳಿಗೆ ಹೋದೆ. ಬಾಯಲ್ಲಿ ಹೇಳಿದರೆ ನಡುವೆ ಜಾರಿಕೊಳ್ಳುತ್ತೇನೆ ಎಂದು ಗೊತ್ತಿದ್ದರಿಂದ ಓದಿ ಹೇಳಿದೆ. ಅಣ್ಣನಿಗೆ ಈಗ ಎಪ್ಪತ್ತಾರು. ಮುದುರಿದ ಅಂಗಿಯಲ್ಲಿ ಜಗಲಿಯ ಮೇಲೆ ಕೂತು, ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲಿ ಎಂದು ಬೇಡಿಕೊಂಡೂ ಇದ್ದೆ. ಕಣ್ಣು ತೆರೆದು ಕೇಳಿದ:

"ಆ ಹದಿನೆಂಟರ ನಾಳ ನಿಂದೇನು?"

"ಹೌದಣ್ಣ."

"ಹಾಗಾದ್ರೆ ಅವಳದು ಎಷ್ಟಿತ್ತು?"

ನಾನು ಕೈಯಲ್ಲಿದ್ದ ಹಾಳೆಗಳನ್ನು ಮಡಿಸತೊಡಗಿದೆ. ನನಗೆ ಕೇಳಿಸಲಿಲ್ಲವೇನೋ ಎಂದು ಅವನು ಅದನ್ನೇ, ಅಷ್ಟೇ ಮೆಲ್ಲಗೆ, ಇನ್ನೊಂದು ಸಲ ಕೇಳಿದ.

ಅತ್ತಿಗೆಯ ನಾಡಿಯನ್ನು ಯಾರೂ ಅಳೆದಿರಲಿಲ್ಲ.